ಆರನೇ ಪುಟದ ಅಜ್ಜಿ

ಬುಧವಾರ ನಾನು ಬರೆದದ್ದು ಇಷ್ಟೇ:
ಒಂದು ರಸ್ತೆ, ಒಬ್ಬಳು ಅಜ್ಜಿ, ಇಬ್ಬರು ಕಳ್ಳರು.
ಕಳ್ಳರಿಗೆ ಹುರಿಮೀಸೆ, ಕೆನ್ನೆಗೊಂದು ಗಾಯ,
ಅಜ್ಜಿಗೆ ಬೊಚ್ಚುಬಾಯಿ, ಸೋಡಾಬುಡ್ಡಿ ಕನ್ನಡಕ.
“ಮುಂದೆ ಗಲಾಟೆ ಆಗಿದೆ ಅಮ್ಮಾ, ಒಡವೆ ಬಿಚ್ಚಿಡಿ,
ನಾವು ಪೊಲೀಸರು” ಅಂತ ಮೇಲೊಂದು ಗುಳ್ಳೆ.
ಕೆಳಗೆ ನನ್ನ ಸಹಿ, ಇರುವೆಯಷ್ಟು.
ಸಂಪಾದಕರು ನಕ್ಕರು. ಹೋಟೆಲಲ್ಲಿ ಇಬ್ಬರು ನಕ್ಕರು.
ಜನಜಾಗೃತಿ ಆಯಿತು ಅಂದುಕೊಂಡು
ಇನ್ನೊಂದು ಬೈ-ಟು ಕಾಫಿ ಕುಡಿದೆ.

ಶುಕ್ರವಾರ, ದುರ್ಗಿಗುಡಿಯ ನಮ್ಮ ಆಫೀಸಿನ ಮೆಟ್ಟಿಲು
ಒಂದೊಂದೇ ಎಣಿಸಿ ಹತ್ತಿ ಬಂದರು
ರುಕುಮಾಬಾಯಿ, ಎಪ್ಪತ್ತಾರು,
ಅರ್ಧ ಶಿವಮೊಗ್ಗದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು.
ಮೇಜಿನ ಮೇಲೆ ಪೊಟ್ಟಣವೊಂದನ್ನು ಇಟ್ಟು, ಬಿಚ್ಚಿ,
“ನೋಡಿ, ನಿಮ್ಮದೇ ಅಲ್ವಾ?” ಅಂದರು.

ಒಳಗೆ ನಾಲ್ಕು ಜಲ್ಲಿಕಲ್ಲು.
ಹೊರಗೆ ಬುಧವಾರದ ಪತ್ರಿಕೆ, ಆರನೇ ಪುಟ:
ನನ್ನ ಅಜ್ಜಿ, ನನ್ನ ಕಳ್ಳರು, ನನ್ನ ಸಹಿ.
ಮಡಿಕೆ ಬಿದ್ದು ಅಜ್ಜಿಯ ನಗು ಎರಡಾಗಿತ್ತು.

ನಾಲ್ಕು ಬಳೆ, ಎರಡೆಳೆ ಸರ.
ಗೋಪಿ ಸರ್ಕಲ್ಲಿನ ಹತ್ತಿರ, ಹಗಲು ಹನ್ನೊಂದೂವರೆಗೆ.
ಕಾಗದ ಅವರದೇ ಅಂತೆ, ಕಟ್ಟಿದ್ದೂ ಅವರೇ ಅಂತೆ,
“ಮನೆ ಮುಟ್ಟೋವರೆಗೂ ಬಿಚ್ಚಬೇಡಿ ಮೇಡಂ,
ಕಾಲ ಕೆಟ್ಟಿದೆ” ಅಂದರಂತೆ.
ಕಾಲದ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ.

ಛೇ, ಅಂದೆ.
ಅವರಿಗೆ ಛೇ ಬೇಕಿರಲಿಲ್ಲ.
ಚಿತ್ರದ ಮೇಲೆ ಬೆರಳಿಟ್ಟರು.

“ಈ ಮೀಸೆ ಯಾಕೆ? ಅವನು ನುಣ್ಣಗೆ ಗಡ್ಡ ಹೆರೆದಿದ್ದ,
ಬ್ಯಾಂಕಿನವರ ಹಾಗೆ. ಕೈ ಹಿಡಿದು ರಸ್ತೆ ದಾಟಿಸಿದ.
ಹತ್ತು ವರ್ಷ ಆಗಿತ್ತು ನೋಡಿ, ಯಾರೂ ಹಾಗೆ ಕೈ ಹಿಡಿದು.
ಮೀಸೆ ನೋಡಿ ಕಳ್ಳರನ್ನ ಹಿಡಿಯೋ ಹಾಗಿದ್ದಿದ್ರೆ
ನಮ್ಮ ಯಜಮಾನ್ರು ಜೈಲಲ್ಲೇ ಇರ್ತಿದ್ರು.
ಮತ್ತೆ ಈ ಅಜ್ಜಿ. ಇವಳಿಗೆ ಹಲ್ಲಿಲ್ಲ ಯಾಕೆ?
ನನಗೆ ಇಪ್ಪತ್ತೆಂಟಿವೆ, ಎಣಿಸ್ತೀರಾ?
ರವಿಕೆ ನೋಡಿ, ತೋಳು ಕೂತೇ ಇಲ್ಲ,
ಕಂಕುಳಲ್ಲಿ ಬಿಗಿ. ಇಂಥದ್ದು ತೊಟ್ಟವಳು
ಕೈಯೆತ್ತಿ ಸರ ಬಿಚ್ಚೋದಾದ್ರೂ ಹೇಗೆ?”

ದೊಡ್ಡಪೇಟೆ ಠಾಣೆಯಲ್ಲಿ ಬರೆದುಕೊಂಡಿದ್ದರಂತೆ:
ಎತ್ತರ ಸಾಧಾರಣ, ಮೈಬಣ್ಣ ಗೋಧಿ.
“ಅಂಗಿಯ ಎರಡನೇ ಗುಂಡಿ ನೀಲಿ ದಾರದಲ್ಲಿ ಹಾಕಿದ್ದು,
ಉಳಿದದ್ದೆಲ್ಲ ಬಿಳಿ, ಬರ್ಕೊಳ್ಳಿ ಅಂದೆ.
ಅದಕ್ಕೆ ಕಾಲಂ ಇಲ್ಲ ಅಂದ್ರು.”

ಕಣ್ಣು ತಪ್ಪಿಸಲು ಕಾಗದ ಮಗುಚಿದೆ.
ಬೆನ್ನಿಗೇ ಐದನೇ ಪುಟ, ಪೂರ್ತಿ ಬಣ್ಣ:
ಡಾಬು ಕಟ್ಟಿದ ಬೆಡಗಿ ನಗುತ್ತಿದ್ದಾಳೆ,
ಹಿರಿಯರಿಗೆ ವಿಶೇಷ! ಹಳೇ ಚಿನ್ನ ತನ್ನಿ! ವೇಸ್ಟೇಜು ಸೊನ್ನೆ!
ಸೊನ್ನೆಯ ತಲೆಯ ಮೇಲೊಂದು ನಕ್ಷತ್ರ,
ನಕ್ಷತ್ರದ ಅರ್ಥ ಪುಟದ ತಳದಲ್ಲಿ,
ನನ್ನ ಸಹಿಗಿಂತಲೂ ಸಣ್ಣ.

ರುಕುಮಾಬಾಯಿ ಬಗ್ಗಿ ನೋಡಿದರು.
“ಇಲ್ಲೂ ಹೋಗಿದ್ದೆ, ಹೋದ ವರ್ಷ.
ಐದೆಳೆ ಕೊಟ್ಟು ಎರಡೆಳೆ ತಂದೆ.
ಅವರೂ ಮೇಡಂ ಅಂದ್ರು. ಕಾಫಿ ಕೊಟ್ರು, ರಸೀದಿ ಕೊಟ್ರು.
ಇವರು ಕಾಫಿನೂ ಕೊಡಲಿಲ್ಲ.”

ನಮಗೆ ಸಂಬಳ ಬರುವುದು ಐದನೇ ಪುಟದಿಂದ.
ಆರನೇ ಪುಟದಿಂದ ನಗು, ಅದೂ ಬಂದರೆ.

ಹೊರಡುವಾಗ ಕಲ್ಲು ಅಲ್ಲೇ ಬಿಟ್ಟು
ಕಾಗದ ಮಾತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡರು.
“ಕಟಿಂಗ್ ಹೇಳಿಕೊಡೋಕೆ ಆಗುತ್ತೆ.”

ರಾತ್ರಿ ಕೂತು ಬರೆದೆ. ಕಳ್ಳನಿಗೆ ಮುಖ ಬರೆಯಲಿಲ್ಲ,
ಒಂದು ಅಂಗಿ, ಐದು ಗುಂಡಿ, ಎರಡನೆಯದಕ್ಕೆ ನೀಲಿ ದಾರ.
ಅಜ್ಜಿಗೆ ಹಲ್ಲು, ಇಪ್ಪತ್ತೆಂಟೂ, ಎಣಿಸಿ.
ಬೆಳಿಗ್ಗೆ ನೋಡಿದರೆ ನೀಲಿ ಕಪ್ಪಾಗಿತ್ತು.
ಬಣ್ಣ ಐದಕ್ಕೆ ಮಾತ್ರ.
ಆರರಲ್ಲಿ ಎಲ್ಲ ಗುಂಡಿಯೂ ಒಂದೇ.

ಒಂಬತ್ತಕ್ಕೆ ಫೋನು.
“ಹಲ್ಲು ಜಾಸ್ತಿ ಆಯ್ತು” ಅಂದರು ರುಕುಮಾಬಾಯಿ,
“ತೋಳು ಇನ್ನೂ ಕೂತಿಲ್ಲ. ಸೋಮವಾರ ಬನ್ನಿ,
ಒಂದು ಗಂಟೆಯಲ್ಲಿ ಕಲಿಸ್ತೀನಿ.
ಫೀಸು ಇದೆ.”