ಕೊಸರು

ಕಬ್ಬಿಣದ ಬಟ್ಟಿನ ಹೊಟ್ಟೆಯಲ್ಲೊಂದು ತೂತು,
ತೂತಿಗೆ ಕರಗಿದ ಸೀಸ,
ಆರಿದ ಮೇಲೆ ಅದಕ್ಕೆ ನನ್ನ ಮುದ್ರೆ.
ಹಾಗೆ ಹುಟ್ಟುತ್ತದೆ ದಾವಣಗೆರೆಯಲ್ಲಿ ಒಂದು ಕಿಲೋ.
ಅಲ್ಲಿಯವರೆಗೆ ಅದು ಬರೀ ಭಾರ.

ಸೀಸ ಕಾಯಿಸುತ್ತ ಜವಾನ ಬಕ್ಕೇಶಪ್ಪ ಒಮ್ಮೆ ಕೇಳಿದ್ದ:
"ಸಾಹೇಬ್ರ, ಈ ಕಿಲೋ ಅನ್ನೋದು
ಮೊದ್ಲೇ ಇತ್ತೋ, ನಾವ್ ಮಾಡಿದ್ದೋ?"
ಮಾಡಿದ್ದು, ಅಂದೆ.
"ಹಂಗಾರೆ ಮೋಸಾನೂ ನಾವ್ ಮಾಡಿದ್ದೇನ್ರಿ?
ಕಿಲೋ ಇಲ್ಲದ ಕಾಲಕ್ಕ ಮೋಸ ಇರಲಿಲ್ಲೇನು?"
ಸೀಸ ಕುದಿಯುತ್ತಿತ್ತು.
ಕಡತ ಹುಡುಕುವವನಂತೆ ನಾನು ಎದ್ದು ಹೋದೆ.

ಮಂಡಕ್ಕಿ ಭಟ್ಟಿಗಳ ಓಣಿ. ಬೆಳಗಿನ ಹತ್ತಕ್ಕೇ
ಗೋಡೆಗಳಿಗೆಲ್ಲ ಮುಸ್ಸಂಜೆ.
ಟೈರಿನ ಹೊಗೆ ಕಣ್ಣಿಗೆ, ಕಾದ ಮರಳಿನಲ್ಲಿ
ಅಕ್ಕಿ ಚಟಪಟ ಅರಳಿ
ತನ್ನ ತೂಕವನ್ನೇ ಮರೆತು ಜರಡಿಗೆ ಬೀಳುತ್ತದೆ.
ಈ ಬಿಳಿ ಗಾಳಿಯನ್ನು ಇಲ್ಲಿ ಯಾರೂ ತೂಗುವುದಿಲ್ಲ,
ಅಳೆಯುತ್ತಾರೆ.
ಲೀಟರಿಗೂ ಸೇರು ಅಂತಲೇ ಹೆಸರು.
ಸೇರು ಸತ್ತ ಸುದ್ದಿ ಓಣಿಗಿನ್ನೂ ಮುಟ್ಟಿಲ್ಲ.

ಜೈತೂನಬಿಯ ಸೇರಿನ ತಳ ಒಳಕ್ಕೆ ಉಬ್ಬಿತ್ತು.
ಬೆರಳಾಡಿಸಿದೆ. ಬಿದ್ದು ಆದದ್ದಲ್ಲ,
ಸುತ್ತಿಗೆಯ ಗುರುತು, ಏಳೆಂಟು, ಅಚ್ಚುಕಟ್ಟಾಗಿ.
"ನಮ್ಮತ್ತಿ ಕುಟ್ಟಿದ್ದು," ಅಂದಳು ಮುಚ್ಚಿಡದೆ,
ಜರಡಿ ಆಡಿಸುತ್ತಲೇ.
"ಕೊಸರು ಹಾಕ್ಬೇಕಲ್ರೀ. ಎಲ್ಲಿಂದ ಹಾಕೋದು? ಅದಕ್ಕ."

ಇಲಾಖೆಯ ಅಸಲಿ ಅಳತೆ ತೆಗೆದು
ಅವಳ ಸೇರನ್ನು ಅದಕ್ಕೆ ಸುರಿದೆ. ಅಂಚು ಮುಟ್ಟಲಿಲ್ಲ.
ಈಗ ಕೊಸರು ಹಾಕಮ್ಮ, ಅಂದೆ.
ಒಂದು ಹಿಡಿ. ಇನ್ನೊಂದು.
ಅಂಚಿಗೆ ಸಮ.
ಒಂದು ಕಾಳು ಹೆಚ್ಚಿಲ್ಲ.

ಅಂದರೆ ಮೂವತ್ತು ವರ್ಷ ಆ ಅಂಗಡಿಯಲ್ಲಿ
ಕೊಸರು ಎಂಬುದೇ ಇರಲಿಲ್ಲ.
ತಮ್ಮದನ್ನೇ ತಾವು ಹೆಚ್ಚಿಗೆ ಪಡೆದು
ಜನ ನಕ್ಕು ಮನೆಗೆ ಹೋಗಿದ್ದರು.
ಆ ನಗುವನ್ನು ಯಾವ ಕಲಮಿನಡಿ ಬರೆಯಲಿ?
ಈ ಲೆಕ್ಕ ನಿಮ್ಮತ್ತೆಗೆ ಯಾರು ಕಲಿಸಿದರು
ಎಂದು ಕೇಳಬೇಕೆನಿಸಿತು. ಬಿಟ್ಟೆ.
ಸತ್ತವರಿಗೆ ನೋಟಿಸು ಹೋಗುವುದಿಲ್ಲ.

ಸೇರು ಜಪ್ತಿ. ದಂಡ. ರಸೀದಿ.
ಹೊಸದು ಕೊಂಡಳು, ಮುದ್ರೆಯದು.
ಎದುರು ಭಟ್ಟಿಯವನ ಅಳತೆಯನ್ನೂ ನೋಡಿದೆ: ನಿಖರ.
ಅವನ ಹೆಬ್ಬೆರಳು ಮಾತ್ರ ದಿನವಿಡೀ ಅದರೊಳಗೇ ಇರುತ್ತದೆ.
ಹೆಬ್ಬೆರಳಿಗೆ ಮುದ್ರೆ ಒತ್ತುವ ಕಾಯ್ದೆ ಇನ್ನೂ ಬಂದಿಲ್ಲ.

ತಿಂಗಳ ಮೇಲೆ ಮತ್ತೆ ಹೋದೆ,
ಕೆಲಸಕ್ಕಲ್ಲ, ಮನೆಗೆ ನೆಂಟರು ಬರುವವರಿದ್ದರು.
ನನ್ನ ಮುಂದೆ ಶಾಲೆಯ ಹುಡುಗನೊಬ್ಬ.
ಹೊಳೆಯುವ ಸೇರು ತುಂಬಿ, ಅಂಗೈಯಿಂದ ತಲೆ ಸವರಿ
ಚೀಲಕ್ಕೆ ಸುರಿದಳು.
ಆಮೇಲೆ ಕೈ ರಾಶಿಗೆ ಹೋಯಿತು.
ಒಂದು ಹಿಡಿ. ಇನ್ನೊಂದು.

ಈಗ ನಿನಗೆ ಲುಕ್ಸಾನಲ್ಲವೇನಮ್ಮ?
"ಹೌದ್ರಿ, ನಿಮ್ಮ ದಯಾ," ಅಂದಳು ಸಿಟ್ಟಿನಲ್ಲೇ.
"ದಿನಾ ರಾತ್ರಿ ಲೆಕ್ಕ ಹಾಕಿ, ನಾಳಿಂದ ಬ್ಯಾಡ ಅನ್ಕಂತೀನಿ.
ಬೆಳಗ್ಗಿಗೆ ಈ ಕೈ ಕೇಳಂಗಿಲ್ಲ.
ಬರೀ ಕೈ ಹಿಂದಕ್ಕ ತಗಳ್ಳಾಕ ನಾಚಿಕಿ ಆಕತಿ."

ಬಕ್ಕೇಶಪ್ಪನಿಗೆ ಹೇಳಬೇಕಿತ್ತು.
ನಿವೃತ್ತನಾಗಿ ಹರಿಹರದಲ್ಲಿ ಮಗಳ ಮನೆ ಸೇರಿದ್ದಾನೆ.
ಸಿಕ್ಕಿದ್ದರೂ ಏನನ್ನಲಿ? ಮಾಡಿದ್ದು, ಸುತ್ತಿಗೆಯಲ್ಲಿ, ಅನ್ನಲೇ?
ಆ ಸೇರು ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ನಮ್ಮ ಕಚೇರಿಯ ಕಪಾಟಿನಲ್ಲಿದೆ.
ಅದು ಇಲ್ಲದೆಯೂ ಈ ಕೈ...

ಅಷ್ಟರಲ್ಲಿ ನನ್ನ ಸರದಿ. ಎರಡು ಸೇರು, ಅಂದೆ.
ಸವರಿದಳು, ಸುರಿದಳು. ರಾಶಿಯತ್ತ ಹೊರಟ ಕೈ
ಅರೆಗಳಿಗೆ ತಡೆದು ನನ್ನ ಮುಖ ನೋಡಿತು.
ನಾನು ಇಲಾಖೆಯವನು. ಬೇಡ ಅನ್ನಬೇಕು.

ಚೀಲದ ಬಾಯಿ ಇನ್ನಷ್ಟು ಅಗಲಿಸಿ ಹಿಡಿದೆ.