ಅಂಚು

ಕೌನಸ್ ಊರಿನಲ್ಲಿ ಡಿಸೆಂಬರ್ ಎಂದರೆ
ನಾಲ್ಕಕ್ಕೆ ಮೊದಲೇ ದೀಪ ಹಚ್ಚುವ ತಿಂಗಳು.
ಬಿಸಿಲೇ ಬಾರದ ಇಲ್ಲಿ ಕೂತು
ಬಿಸಿಲಿಗೆ ಬಲೆ ಹೆಣೆಯುತ್ತೇವೆ. ನಗಬೇಡಿ.

ಗಿರ್ರನೆ ತಿರುಗುವ ಗಾಜಿನ ಚೂರಿಗೆ
ಒಂದು ತೊಟ್ಟು ಹಳದಿ ದ್ರಾವಣ,
ಹದಿನೆಂಟನೇ ಸೆಕೆಂಡಿಗೆ ಇನ್ನೊಂದು ತೊಟ್ಟು,
ಇಪ್ಪತ್ತಾದರೆ ಕೆಟ್ಟಿತು.
ಆಮೇಲೆ ನೂರು ಡಿಗ್ರಿಯ ಕಾವಲಿ.
ನೋಡನೋಡುತ್ತ ಕಪ್ಪೇರುತ್ತದೆ
ಹೊಗೆ ಹಿಡಿದ ಲಾಟೀನಿನ ಗಾಜಿನಂತೆ.

ಬಿದ್ದ ಬೆಳಕಿನಲ್ಲಿ ನೂರಕ್ಕೆ ಇಪ್ಪತ್ತನಾಲ್ಕು ಪಾಲು
ತಂತಿಗೆ ಇಳಿಯಿತು.
ಅವತ್ತು ಕೇಕ್ ಕೊಯ್ದೆವು.

ಆಮೇಲೆ ಪೆಟ್ಟಿಗೆ:
ಎಂಬತ್ತೈದು ಡಿಗ್ರಿ ಶಾಖ, ನೂರಕ್ಕೆ ಎಂಬತ್ತೈದು ತೇವ,
ಸಾವಿರ ಗಂಟೆ ಬದುಕಿದರೆ ಬದುಕಿತು.
'ಸ್ಕೈಸ್ತೆ, ನಲವತ್ತೊಂದು' ಎಂದು ನನ್ನ ಹೆಸರು ಹೊತ್ತದ್ದು
ಇನ್ನೂರ ಹನ್ನೊಂದನೇ ಗಂಟೆಗೆ ಹಳದಿ.
ಕಾಮಾಲೆ ಕಣ್ಣಿಗಲ್ಲ,
ಕಂಡದ್ದಕ್ಕೇ ಬಂದಿತ್ತು.

ಉಪ್ಪು ಬದಲಿಸಿದೆ. ಸೀಸಿಯಂ ಒಂದು ಚಿಟಿಕೆ ಹೆಚ್ಚು.
ಹರಳಿನ ಬಿರುಕುಗಳಿಗೆಲ್ಲ
ಉಸಿರು ಕಟ್ಟುವಷ್ಟು ಉದ್ದ ಹೆಸರಿನ ಅಣುಗಳ ತೇಪೆ.
ಇನ್ನೂರ ನಲವತ್ತು.
ಇನ್ನೂರ ಮೂವತ್ತೊಂಬತ್ತು.

ಗಾಜು ಕೊಯ್ದುಕೊಡುವ ಅಲ್ಬಿನಸ್,
ಮುಚ್ಚಿಹೋದ ಟಿವಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಪಿಕ್ಚರ್ ಟ್ಯೂಬಿನ ಬಾಯಿ ಬೆಸೆದವನು,
ಕನ್ನಡಕ ಹಣೆಗೇರಿಸಿ
ಸತ್ತ ಚೂರೊಂದನ್ನು ಕಿಟಕಿಗೆ ಹಿಡಿದ.
"ನಡುವೆ ಏನು ಹುಡುಕುತ್ತೀ?
ಇದು ಮೂಲೆಯಿಂದ ಹಳಸಿದೆ."

ಅವನ ಉಗುರು ನಿಂತಲ್ಲಿ
ತಂತಿ ಹೊರಬೀಳುವ ಜಾಗ,
ಕೂದಲೂ ತೂರದ ಸಂದು.
ತೇವಕ್ಕೆ ಅದು ಹೆಬ್ಬಾಗಿಲು.
ಎರಡು ವರ್ಷ ನಾನು
ಕದ ತೆರೆದಿಟ್ಟು ರೋಗಿಗೆ ಮದ್ದರೆದಿದ್ದೆ.

ಅಂಚಿಗೆ ಕಪ್ಪು ರಬ್ಬರಿನ ಪಟ್ಟಿ, ಬಿಸಿ ಒತ್ತು,
ತಂತಿಯ ಬುಡದಲ್ಲಿ ಮಾತ್ರ ಯಂತ್ರ ಬೇಡವೆಂದು
ಅವನದೇ ಹೆಬ್ಬೆರಳು.
ಈಗ ಆರುನೂರ ಎಂಬತ್ತು ಗಂಟೆ. ಇನ್ನೂ ಕಪ್ಪು.
ಇಪ್ಪತ್ತನಾಲ್ಕು ಇಪ್ಪತ್ತಮೂರಾಗಿದೆ,
ಯಾರೂ ಕೇಕ್ ತರಲಿಲ್ಲ.

ಪ್ರಬಂಧದಲ್ಲಿ ಅವನ ಹೆಸರೆಲ್ಲಿ ಎಂದು ಕೇಳಿದೆ.
ಕೊನೆಯ ಪುಟದ ಕೆಳಗೆ, ಕೃತಜ್ಞತೆಯಲ್ಲಿ, ಎಂದರು ಪ್ರೊಫೆಸರ್.
ಅಲ್ಬಿನಸ್‌ಗೆ ಹೇಳಿದರೆ
"ಕೊಯ್ಯುವ ಚಕ್ರ ಮೊಂಡಾಗಿದೆ,
ಹೊಸದು ತರಿಸಲು ಅವರಿಗೆ ಹೇಳು" ಎಂದ.

ಮುಂದಿನ ಚೂರಿನ ಬೆನ್ನಿಗೆ
ವಜ್ರದ ಮೊನೆಯಲ್ಲಿ ಕೊರೆದೆ: ಅಲ್ಬಿನಸ್, ಒಂದು.
ಪೆಟ್ಟಿಗೆಯೊಳಗಿಟ್ಟು ಕದ ಒತ್ತಿದೆ.
ಗುಂಯ್ ಎಂದಿತು.
ಹೊರಗೆ ಕತ್ತಲಾಗಿತ್ತು,
ಇನ್ನೂ ನಾಲ್ಕಾಗಿರಲಿಲ್ಲ.