ಕೆಳಗಿಡಲಾಗದ ಬಟ್ಟಲು

ತೊಸಾ ಸೀಮೆಯ ಕುರೆ ಬಂದರಿನಲ್ಲಿ
ಔತಣವೆಂದರೆ ಮೊದಲು ಅಟ್ಟದಿಂದ ಇಳಿಯುವುದು ತಟ್ಟೆಗಳು.
ಹಳೆಯ ಪತ್ರಿಕೆ ಹೊದ್ದು ಪೆಟ್ಟಿಗೆಯಲ್ಲಿ ಮಲಗಿದ
ಬಂಡಿಗಾಲಿಯಂಥ ಪಿಂಗಾಣಿ,
ನೀಲಿ ಅಲೆ, ಅಲೆಯ ಮೇಲೊಂದು ಆಮೆ.
ಒಕಾಯಾಮಾದ ಬೆಟ್ಟದಿಂದ ಸೊಸೆಯಾಗಿ ಬಂದ ವರ್ಷ
ನಾನೊಂದರ ಅಂಚು ಮುಕ್ಕು ಮಾಡಿದ್ದೆ.
ಅತ್ತೆ ಹಿಸಾನೊ ಬೈಯಲಿಲ್ಲ:
"ಮುಕ್ಕಿನ ಕಡೆಗೆ ಮೀನಿನ ತಲೆ ಇಡು.
ತಲೆ ಇರುವಾಗ ಯಾರೂ ತಟ್ಟೆ ನೋಡುವುದಿಲ್ಲ."

ಇಂದು ಮಾವನ ಮೂರನೆಯ ವರ್ಷದ ಊಟ.
ಭಿಕ್ಷು ಮಂತ್ರ ಮುಗಿಸಿ, ಚಹಾ ಕುಡಿದು,
ಸ್ಕೂಟರ್ ಹತ್ತಿ ಹೋದ.
ಅಂಗಳದಲ್ಲಿ ಮೈದುನ ರೆಂತಾರೊ ಹುಲ್ಲಿಗೆ ಬೆಂಕಿ ಕೊಟ್ಟ.
ಭಗ್ಗೆಂದು ಎದ್ದ ಉರಿಯಲ್ಲಿ
ಕತ್ಸುವೊ ಮೀನಿನ ತೊಗಲು ಚಟಚಟಿಸಿ
ಹೊರಗೆ ಕಪ್ಪು, ಒಳಗೆ ದಾಸವಾಳ.
ಬೆರಳು ದಪ್ಪದ ಹೋಳು, ಕಲ್ಲುಪ್ಪು, ಹಸಿ ಬೆಳ್ಳುಳ್ಳಿಯ ಬಿಲ್ಲೆ;
ಬಾಯಲ್ಲಿ ಮೊದಲು ಹೊಗೆ, ಆಮೇಲೆ ಕಡಲು.
ಅದರ ಬೆನ್ನಿಗೇ ಬಿಸಿ ಬಿಸಿ ಅಕ್ಕಿಯ ಮದಿರೆ.
ಈ ಸೀಮೆಯದು ಸಿಹಿ ಬಿಟ್ಟದ್ದು;
ನಾಲಗೆ ತೊಳೆದು, ಇನ್ನೊಂದು ಹೋಳಿಗೆ ಜಾಗ ಮಾಡಿ
ಹೇಳದೆ ಹೊರಟುಬಿಡುತ್ತದೆ.
ಹೆಸರೇ ಸಾಕೆ.
ಸಾಕು ಎಂದವರನ್ನು ಈ ಬಂದರಿನಲ್ಲಿ ನಾನು ಕಂಡಿಲ್ಲ.

ಅಡುಗೆಮನೆಯಲ್ಲಿ ಅತ್ತೆ
ಬಿಸಿನೀರಿನಿಂದ ಪುಟ್ಟ ಹೂಜಿ ಎತ್ತಿ
ತಳಕ್ಕೆ ನಡುಬೆರಳು ಒತ್ತುತ್ತಾಳೆ.
"ಅತ್ತು ಸುಮ್ಮನಾದ ಮಗುವಿನ ಹಣೆಯಷ್ಟು," ಅದೇ ಅವಳ ಅಳತೆ.
ನಲವತ್ತು ವರ್ಷದ ಬೆರಳು.
ತಾನು ಒಂದು ಗುಟುಕು ಕುಡಿದದ್ದು ಯಾರಿಗೂ ನೆನಪಿಲ್ಲ.

ಮುದುಕ ಇವಾಕಿಚಿ ಆಟದ ಬಟ್ಟಲು ತೆಗೆದ,
"ಕುಮಾಜಿ ಇದ್ದಿದ್ದರೆ ಇಷ್ಟು ಹೊತ್ತು ತಡೆಯುತ್ತಿದ್ದನೇ?"
ಒಂದು ಬುಗುರಿ, ಮೂರು ಮುಖ.
ಉಬ್ಬುಗೆನ್ನೆಯ ಹೆಂಗಸು, ಎಲ್ಲಕ್ಕೂ ಚಿಕ್ಕವಳು, ಬೋರಲು ಹಾಕಬಹುದು.
ಕೆಂಪು ಮೋರೆಯ ಬೆಟ್ಟದ ಭೂತಕ್ಕೆ ಮಾರುದ್ದ ಮೂಗು,
ಆ ಮೂಗಿನಿಂದಾಗಿ ತುಂಬಿದ್ದನ್ನು ಕೆಳಗಿಡಲಾಗದು.
ನಡುವಿನವನು ಹ್ಯೊತ್ತೊಕೊ,
ಒಲೆ ಊದುವವನ ಹಾಗೆ ತುಟಿ ಚೂಪು ಮಾಡಿದವನು.
ಆ ತುಟಿಯಲ್ಲೊಂದು ತೂತು.
ಬೆರಳಿಟ್ಟು ಮುಚ್ಚಬೇಕು, ತುಂಬಬೇಕು, ಮುಗಿಸಬೇಕು;
ಅಲ್ಲಿಯ ತನಕ ಕೈಗೆ ಬಿಡುವಿಲ್ಲ.

ಮಾವನ ತೋರುಬೆರಳು ದೋಣಿಯ ರಾಟೆಗೆ ಹೋಗಿತ್ತು.
ಹ್ಯೊತ್ತೊಕೊ ಬಂದಾಗಲೆಲ್ಲ ಆ ಮೊಂಡನ್ನೇ ತೂತಿಗೆ ಒತ್ತುತ್ತಿದ್ದ.
ಸೋರಿ, ಮುಂಗೈ ಇಳಿದು, ತೋಳಿನೊಳಗೆ ಹರಿದು
ಊರೆಲ್ಲ ನಗುವಾಗ
ಅತ್ತೆ ಓಡಿಬಂದು, ಒಂದು ಕೈಯಲ್ಲಿ ಹೂಜಿ,
ಇನ್ನೊಂದರ ಬೆರಳು ಅವನ ಬಟ್ಟಲಿಗೆ.
ಅದೇ ಕೈಯಲ್ಲಿ ಅವನಿಗೆ ಬೇರೆ ನಾಲ್ಕು ಬೆರಳಿದ್ದವು.
ಈ ಲೆಕ್ಕ ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಬುಗುರಿ ತಿರುಗಿತು, ತೂಗಿತು, ತೂಕಡಿಸಿತು.
ಮೇಲೆ ಹ್ಯೊತ್ತೊಕೊ.
ಕಡ್ಡಿಯ ತುದಿ ಬಾಗಿಲಿನತ್ತ, ಅಲ್ಲಿ
ಹೂಜಿ ಹಿಡಿದು ನಿಂತ ಅತ್ತೆ.
"ಆಡದವರಿಗೆ ಬಂದರೆ ಲೆಕ್ಕಕ್ಕಿಲ್ಲ," ಎಂದು
ರೆಂತಾರೊ ಮತ್ತೆ ತಿರುಗಿಸಲು ಕೈ ಚಾಚಿದ.
ಅವಳು ಹೂಜಿಯನ್ನು ನನಗೆ ಕೊಟ್ಟಳು.
ಕೂತಳು,
ತನ್ನದೇ ಮನೆಯ ಚಾಪೆಯ ಮೇಲೆ, ನೆಂಟರವಳ ಹಾಗೆ ಅಂಚಿನಲ್ಲಿ.
ನಡುಬೆರಳಿಂದ ತೂತು ಮುಚ್ಚಿ ಮುಂದೆ ಹಿಡಿದಳು.
ಸುರಿದೆ. ಸಾಕೆ?
ಬಟ್ಟಲು ಹಿಂದೆ ಸರಿಯಲಿಲ್ಲ.
ಕಂಠದವರೆಗೆ ಸುರಿದೆ.

ಒಂದೇ ಉಸಿರು. ಒಂದು ಹನಿ ಸೋರಲಿಲ್ಲ.
ಇವಾಕಿಚಿ ನೆಲ ತಟ್ಟಿದ, ಮಕ್ಕಳು ಕಿರುಚಿದರು,
ಆಮೇಲೆ ಮಾತು ಡೀಸೆಲಿನ ದರಕ್ಕೆ ಹೊರಳಿತು,
ಈ ಸಲ ಮೀನು ಬರುವುದು ತಡವಾಯಿತೆಂದು.
ಬಟ್ಟಲು ಬರಿದಾಗಿ ಎಷ್ಟೋ ಹೊತ್ತು
ಅವಳ ಬೆರಳು ಅಲ್ಲೇ ಇತ್ತು.

ರಾತ್ರಿ ಇಬ್ಬರೂ ಸೇರಿ ದೊಡ್ಡ ತಟ್ಟೆ ಒರೆಸುತ್ತಿದ್ದೆವು.
ಮುಕ್ಕಿನ ಕಡೆ ನನ್ನದು, ಆಮೆಯ ಕಡೆ ಅವಳದು.
"ಬಿಸಿ ಕಮ್ಮಿಯಿತ್ತು," ಎಂದಳು ಅತ್ತೆ ಇದ್ದಕ್ಕಿದ್ದಂತೆ.
"ನಲವತ್ತು ವರ್ಷ ಕುಡಿದ,
ಒಂದು ದಿನವೂ ಹೇಳಲಿಲ್ಲ ನೋಡು."